ಬೀರುವಿನ ಹಿಂದಿನ ಬಾಗಿಲು

ಮಾರ್ಚ್ ೯, ಸೋಮವಾರ

ಇವರು ಸೆಕೆಂಡ್ ಹ್ಯಾಂಡ್ ಹಾರ್ಡ್‌ಡಿಸ್ಕ್ ತಂದು ಸೇರಿಸಿದಾಗಿನಿಂದ ಕಂಪ್ಯೂಟರ್ ಶುರುವಾಗಲೇ ಇಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಸಂಜೆ ನನ್ನ ತಮ್ಮ ಫೋನ್ ಮಾಡಿ, "ಭಾವ, ಮೊದಲಿಂದ ಇದ್ದ ಡಿಸ್ಕಿನ ಕೇಬಲ್ ಬಿಚ್ಚಿ, ಈಗ ತಂದಿದ್ದೊಂದನ್ನೇ ಇಟ್ಟು ನೋಡಿ. ಎರಡೂ ಜಗಳ ಆಡ್ತಿರಬಹುದು" ಅಂದ.

ಹಾಗೆ ಮಾಡಿದಾಗ ಶುರುವಾಯಿತು. ಆದರೆ ಪರದೆಯ ತುಂಬ ಯಾರೋ ಹಾಕಿಕೊಂಡಿದ್ದ ಒಂದು ಕೋಣೆಯ ಫೋಟೋ.

ಅದು ನಮ್ಮದೇ ಕೋಣೆ. ಅದೇ ಕಿಟಕಿ, ಅದೇ ಬಾಗಿದ ಸರಳು. ನಮಗಿಂತ ಮೊದಲು ಇಲ್ಲಿದ್ದವರ ಡಿಸ್ಕ್ ಇರಬೇಕು ಎಂದು ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಬೀರು ಇರುವ ಕಡೆ ಫೋಟೋದಲ್ಲಿ ಒಂದು ಬಾಗಿಲಿತ್ತು.

"ಬೇಡಾರೀ" ಅಂದೆ. ಇವರು ಕೇಳದೆ ಬೀರು ಸರಿಸಿದರು. ಬಣ್ಣದಡಿಯಲ್ಲಿ ಬಾಗಿಲಿನ ಗೆರೆ ಕಂಡಿತು. ತಳ್ಳಿದರೆ ಅಲುಗಲಿಲ್ಲ. ನಮ್ಮ ಕಡೆ ಚಿಲಕವೇ ಇಲ್ಲ.

"ಆ ಕಡೆಯಿಂದ ಹಾಕಿದೆ ಕಣೇ" ಅಂದರು, ದನಿ ತಗ್ಗಿಸಿ.

ನಾವಿರುವುದು ಮೂರನೇ ಮಹಡಿ. ಆ ಗೋಡೆಯಾಚೆ ಬರೀ ಗಾಳಿ.

ಇಬ್ಬರೂ ಸೇರಿ ಬೀರುವನ್ನು ಮತ್ತೆ ಅಲ್ಲಿಗೇ ತಳ್ಳಿದೆವು. ಇವರು ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದಾರೆ. ಬೀರುವಿಗೆ ಬೆನ್ನು ಹಾಕಿ ಮಲಗಲು ನನಗೆ ಧೈರ್ಯವಿಲ್ಲ, ಅದರತ್ತ ಮುಖ ಮಾಡಿ ಮಲಗಲೂ ಧೈರ್ಯವಿಲ್ಲ.