ಅಂಟು ಹಾಕಿದ ಟಾರ್ಚುಗಳು

ಟಾಂಪೆರೆ, ನವೆಂಬರ್ ೧೨, ಮಂಗಳವಾರ

ಇಂದು ವಿಜ್ಞಾನದೇವಿಯ ಉತ್ತರಕ್ರಿಯೆ ಸಾಂಗವಾಗಿ ನೆರವೇರಿತು. ಥೂ!

ಮಕ್ಕಳೇ ಟಾರ್ಚ್ ಕಟ್ಟುವ ಶಿಬಿರವಂತೆ. ನಗರಸಭೆಯ ಅತಿಥಿಗಳ ಮುಂದೆ ಒಂದೂ ಕೈಕೊಡಬಾರದೆಂದು ನಮ್ಮ ವಿಜ್ಞಾನ ಕೇಂದ್ರದ ಮುಖ್ಯಸ್ಥೆ ಸಿರ್ಪಾ ಎಲ್ಲವನ್ನೂ ಮೊದಲೇ ಜೋಡಿಸಿ ಅಂಟು ಹಾಕಿಸಿದ್ದಳು. ಮಕ್ಕಳು ಗುಂಡಿ ಒತ್ತಿದರಾಯಿತು.

"ಇದನ್ನ ಬಿಚ್ಚೋದು ಹೇಗೆ?" ಎಂದಳು ಎಂಟು ವರ್ಷದ ಹೆಲ್ಕಾ.

"ಬಿಚ್ಚಬಾರದು ಪುಟ್ಟಿ, ಕೆಟ್ಟೋಗುತ್ತೆ," ಎಂದಳು ಸಿರ್ಪಾ.

"ಗುಂಡಿ ಒತ್ತೋಕೆ ಇಲ್ಲಿಗ್ಯಾಕೆ ಬರ್ಬೇಕು? ಮನೇಲೇ ಇದೆಯಲ್ಲ! ಇನ್ಮೇಲೆ ನಾನು ಬರಲ್ಲ."

ಅತಿಥಿಗಳು ಕಿಸಕ್ಕನೆ ನಕ್ಕರು. ಹೆಲ್ಕಾ ಕೋಟು ತೊಡುತ್ತಿದ್ದಳು. ನಾನು ಪುರೋಹಿತನ ಗಾಂಭೀರ್ಯದಿಂದ ಕಾಫಿ ಯಂತ್ರದ ಪ್ಲಗ್ ಕಿತ್ತು, ಯಂತ್ರವನ್ನೇ ಸ್ಕ್ರೂಡ್ರೈವರ್ ಸಮೇತ ಅವಳ ಮುಂದಿಟ್ಟೆ.

"ಮಹಾರಾಣಿ, ಇದಕ್ಕೆ ಅಂಟು ಹಾಕಿಲ್ಲ."

"ಟಾನೆಲಿ! ಕಾಫಿ ತಂಟೆಗೆ ಮಾತ್ರ ಹೋಗ್ಬೇಡ್ವೋ!" ಸಿರ್ಪಾ ಚೀರಿದಳು. ನಮ್ಮ ದೇಶದಲ್ಲಿ ಕಾಫಿ ನಿಂತರೆ ಸರ್ಕಾರವೇ ಬಿದ್ದಂತೆ.

ಹೆಲ್ಕಾ ಕೋಟು ಬಿಸಾಡಿ ತಳದ ತಿರುಪಿಗೆ ಕೈಹಾಕಿದಳು. ನಾಳೆ ನನ್ನ ಕೆಲಸ ಹೋದರೆ ಹೋಗಲಿ, ಆ ಹುಡುಗಿ ಮಾತ್ರ ಇಲ್ಲಿಗೆ ಮತ್ತೆ ಬಂದೇ ಬರುತ್ತಾಳೆ.