ಕಾಲು ಬೆಚ್ಚಗಾದರೆ

೧೧ ಫೆಬ್ರುವರಿ ೧೯೬೪, ಬೆಳಿಗ್ಗೆ

ಇವತ್ತೂ ಶಾಲೆಗೆ ರಜೆ ಚೀಟಿ ಕಳಿಸಿದೆ. ಚಹಾ ಎರಡು ಸಲ ಆಯಿತು. ಹೆಂಡತಿ ಉಡಚವ್ವನ ಜ್ವರ ಇಳಿದಿಲ್ಲ. ಮನೆಯಲ್ಲೇ ಹೆರಿಗೆ, ಮೂರನೆಯ ದಿನಕ್ಕೆ ಚಳಿ, ನಿನ್ನೆ ದವಾಖಾನೆಗೆ ತಂದೆವು. ಕೂಸು ಬೆಂಗೇರಿಯಲ್ಲಿ, ನನ್ನ ತಂಗಿಯ ಹತ್ತಿರ. ಬಿ.ಪಿ. ಬಹಳ ಇಳಿದಿದೆ ಎಂದರು ಡಾಕ್ಟರು. ರಕ್ತ ಹೋಯಿತೇ ಎಂದೆ.

"ಹೋಗಿಲ್ರಿ ಮಾಸ್ತರ. ಗರ್ಭಕೋಶದಾಗಿನ ನಂಜು ರಕ್ತಕ್ಕ ಏರೇತಿ. ರಕ್ತನಾಳ ಸಡ್ಲ ಬಿದ್ದು ಹಿಗ್ಗ್ಯಾವ, ಇದ್ದ ರಕ್ತ ಸಾಲವಲ್ದು."

ರಕ್ತ ಇದ್ದಷ್ಟೇ ಇದೆ, ಆದರೂ ಸಾಲದು! ಲೆಕ್ಕ ಕಲಿಸುವವನು ನಾನು. ಈ ಲೆಕ್ಕ ತಲೆಗೆ ಹತ್ತಲಿಲ್ಲ. ಅವಳ ಕೈಕಾಲು ಕೆಂಪಗೆ, ಬೆಚ್ಚಗೇ ಇವೆ. ಸಾಯುವವರ ಕಾಲು ತಣ್ಣಗಿರುತ್ತದಲ್ಲ... ಛೇ, ಏನು ಬರೆಯುತ್ತಿದ್ದೇನೆ.

ಸಂಜೆ

ಸಲಾಯಿನ್, ಪೆನಿಸಿಲಿನ್. ಸಾಲದ್ದಕ್ಕೆ ಇನ್ನೊಂದು ಬಾಟಲಿ — ನಾಳ ಬಿಗಿ ಮಾಡುವ ಔಷಧವಂತೆ. ಬಿ.ಪಿ. ಏರಿತು. ಕಾಲು ತಣ್ಣಗಾದವು, ಉಗುರು ನೀಲಿ. ಇದು ಗುಣವೋ ಕೇಡೋ?

"ಈ ಔಷಧ ಬಿಟ್ರ ಬಿ.ಪಿ. ಬೀಳತೈತಿ, ಹೆಚ್ಚಾದ್ರ ಬೆರಳು ಸಾಯ್ತಾವ. ಕಾಲು ಬೆಚ್ಚಗಾದ್ರ ಇಳಸೋಣು," ಎಂದರು ಡಾಕ್ಟರು. ಅವ್ವ ಪಕ್ಕದಲ್ಲೇ ನಿಂತು ಕೇಳಿದಳು. ಡಾಕ್ಟರಿಗೂ ಪೂರ್ತಿ ಗೊತ್ತಿದ್ದಂತಿಲ್ಲ. ಸಿಟ್ಟು ಬಂತು — ಯಾರ ಮೇಲೆ?

೧೩ ಫೆಬ್ರುವರಿ, ಬೆಳಿಗ್ಗೆ

ನಿನ್ನೆ ಬರೆಯಲಾಗಲಿಲ್ಲ. ಈಗ ಡಾಕ್ಟರು ಚಾದರದೊಳಗೆ ಕೈ ಹಾಕಿ ನೋಡಿ ನಕ್ಕರು. "ಛಲೋ ಆತ್ರಿ, ಕಾಲು ಬೆಚ್ಚಗದಾವ." ಆ ಬಾಟಲಿಯ ಹನಿ ಕಡಿಮೆ ಮಾಡಿಸಿ ಹೋದರು. ವರಾಂಡಕ್ಕೆ ಹೋಗಿ ಅತ್ತುಬಿಟ್ಟೆ.

ಮಧ್ಯಾಹ್ನ

ಉಡಚವ್ವ ಏನೇನೋ ಬಡಬಡಿಸುತ್ತಿದ್ದಾಳೆ. ಗುಣವಾದವಳು ಹೀಗೇಕೆ? ಚಾದರ ಸರಿಪಡಿಸಲು ಹೋದೆ. ಕಾಲ ಬುಡದಲ್ಲಿ ಅರಿವೆ ಸುತ್ತಿದ ಕಾದ ಇಟ್ಟಿಗೆ!

"ನಾನ ಇಟ್ಟೇನಪಾ," ಎಂದಳು ಅವ್ವ. "ಕಾಲು ಬೆಚ್ಚಗಾದ್ರ ಆತು ಅಂದ್ರಲ್ಲ ಡಾಕ್ಟರು. ಹೇಳಬ್ಯಾಡ, ನನ್ನ ಹೊರಗ ಹಾಕ್ತಾರ."

ಬೈಯಲು ಬಾಯಿ ತೆರೆದೆ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಡಾಕ್ಟರನ್ನು ಕರೆಯಲು ಓಡಿದೆ.

ಸಂಜೆ

ಇಟ್ಟಿಗೆ ತೆಗೆಸಿದರು. ಬಿ.ಪಿ. ಮತ್ತೆ ಬಿದ್ದದ್ದು ನೋಡಿ ಮುಖ ಸಪ್ಪಗೆ ಮಾಡಿದರು. ಹನಿ ಮತ್ತೆ ಏರಿಸಿದರು. ಯಾರನ್ನೂ ಬೈಯಲಿಲ್ಲ, ಅದೇ ಹೆದರಿಕೆ.

"ಕಾಲ ಮುಟ್ಟಿ ನೋಡಕೋತ ಕುಂಡ್ರಿ ಮಾಸ್ತರ. ತಾವಾಗಿ ಬೆಚ್ಚಗಾದ್ರ ಕರೀರಿ."

ಎಡಗೈಯಲ್ಲಿ ಅವಳ ಕಾಲು, ಬಲಗೈಯಲ್ಲಿ ಪೆನ್ನು. ಹೆಂಡತಿಯ ಕಾಲು ಹಿಡಿದ ಮಾಸ್ತರನೆಂದು ನಗುವವರು ನಗಲಿ. ಈಗ ಸ್ವಲ್ಪ ಬೆಚ್ಚಗೆ ಅನಿಸುತ್ತಿದೆ. ಕೂಗಲೇ? ಅವಳ ಕಾಲಿನ ಕಾವೋ, ನನ್ನ ಕೈಯದೋ... ಕೈ ಬಿಟ್ಟು ನೋಡಬೇಕು. ಬಿಡಲು ಧೈರ್ಯ—