ಅಕ್ಕ ಊರಲ್ಲಿರದ ನಾಲ್ಕು ತಿಂಗಳು

ಮಂಗಳವಾರ, ಮಾರ್ಚ್ ೧೨

ಗೆದ್ದೆವು! ಅಕ್ಕನ ಕಣ್ಣಿನ ಆಪರೇಷನ್ನಿಗೆ ಒಪ್ಪಿಗೆ ಸಿಕ್ಕಿತು. ಇದೇ ಶುಕ್ರವಾರ.

ಉಚಿತ ಚಿಕಿತ್ಸೆಗೆ ಸತತ ಎರಡು ವರ್ಷ ಊರಿನಲ್ಲೇ ಇದ್ದಿರಬೇಕಂತೆ. ಅಕ್ಕ ಹುಟ್ಟಿದ್ದೇ ಇಲ್ಲಿ. ಆದರೂ ಹೋದ ವರ್ಷ ನಾಲ್ಕು ತಿಂಗಳು ಊರಲ್ಲಿರಲಿಲ್ಲವೆಂದು ಇಲ್ಲಿನ ಸರ್ಕಾರಿ ಆಸ್ಪತ್ರೆಯವರು ಅರ್ಜಿ ತಳ್ಳಿಹಾಕಿದ್ದರು. ಆ ನಾಲ್ಕು ತಿಂಗಳು ಅವಳು ಮಲಗಿದ್ದದ್ದು ದೂರದ ದೊಡ್ಡಾಸ್ಪತ್ರೆಯಲ್ಲಿ; ಅಲ್ಲಿಗೆ ಕಳಿಸಿದವರೂ ಇವರೇ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಯ ದರ್ಜಿಗೂ ಹೀಗೇ ಮಾಡಿದ್ದರು. ಆಗ ನಾನು ಪತ್ರದ ಮೇಲೆ ಪತ್ರ ಬರೆದು ಕಾಡಿದ್ದಕ್ಕೆ ಒಂದು ಸುತ್ತೋಲೆ ಹೊರಟಿತ್ತು: ಚಿಕಿತ್ಸೆಗಾಗಿ ಹೊರಗಿದ್ದ ದಿನಗಳನ್ನು ಗೈರುಹಾಜರಿಯೆಂದು ಎಣಿಸತಕ್ಕದ್ದಲ್ಲ. ಅದರ ಪ್ರತಿ ನನ್ನ ನಿಘಂಟಿನೊಳಗೆ ಭದ್ರವಾಗಿತ್ತು. ಇವತ್ತು ಅದನ್ನು ಕೌಂಟರಿನ ಹೆಂಗಸಿನ ಮುಂದಿಟ್ಟೆ.

"ಇದು ನಮ್ಮ ಹತ್ರಾನೇ ಇಲ್ವಲ್ಲ ಸರ್!"

"ನನ್ನ ಹತ್ರ ಇದೆಯಲ್ಲಮ್ಮ. ಜೆರಾಕ್ಸ್ ಮಾಡ್ಕೊಳ್ಳಿ."

ಎರಡು ಸಲ ಓದಿ, ಒಳಗೆ ಹೋಗಿ ಸಾಹೇಬರನ್ನು ಕೇಳಿ ಬಂದು ಮೊಹರು ಒತ್ತಿದಳು. ಆಮೇಲೆ ದನಿ ತಗ್ಗಿಸಿ, "ಇದೇ ಕಾರಣಕ್ಕೆ ಇನ್ನೂ ಆರು ಜನರನ್ನ ವಾಪಸ್ ಕಳಿಸಿದೀವಿ ಸರ್. ಅವರನ್ನೂ ಕರೆಸ್ತೀನಿ" ಎಂದಳು. ಆರು ಜನ!

ಹೊರಗಿನ ಬೆಂಚಿನಲ್ಲಿ ಕೂತಿದ್ದ ಅಕ್ಕನಿಗೆ ಕಾಗದ ಕೊಟ್ಟೆ. ಮೊಹರನ್ನು ಬೆರಳಿನಿಂದ ಸವರಿ ಸವರಿ ನೋಡಿದಳು.

"ಹಳೇ ಕಾಗದ ರದ್ದಿಗೆ ಹಾಕೋ ಅಂತ ಇಷ್ಟು ವರ್ಷ ಬಡ್ಕೊಂಡೆ. ಹಾಕ್ಬೇಡ ಬಿಡು. ಕಣ್ಣು ಬರ್ಲಿ, ನಿನ್ನ ಪತ್ರ ಎಲ್ಲಾ ಓದ್ಬೇಕು. ಯಾರ್ಯಾರಿಗೆ ಏನೇನು ಬೈದಿದೀಯೋ!"

ಸುತ್ತೋಲೆಯನ್ನು ಮತ್ತೆ ನಿಘಂಟಿನೊಳಗೇ ಇಟ್ಟಿದ್ದೇನೆ. ನಿದ್ದೆಗೆ ಕಣ್ಣು ಎಳೆಯುತ್ತಿದೆ. ಆ ಆರು ಜನರನ್ನು ಕರೆಸಿದರೋ ಇಲ್ಲವೋ, ನಾಳೆ ಹತ್ತು ಗಂಟೆಗೇ ಹೋಗಿ ವಿಚಾರಿಸಬೇಕು.